ದಾರಿಗೆ ತಕ್ಕ ಸೈಕಲ್ಲು

(ಬಾನುಲಿ ಭಾಷಣ)

ಕಳೆದ ಬೇಸಗೆಯ ರಜೆಯಲ್ಲಿ ನನ್ನ ತಂಗಿಯ ಮಗ ನಮ್ಮ ಮನೆಗೆ ಬಂದಿದ್ದ. ಹುಣಸೂರಿನಲ್ಲಿ ವಾಸವಾಗಿದ್ದುಕೊಂಡು, ಹೆಗ್ಗಡದೇವನಕೋಟೆಯ ದಿಕ್ಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಅವನು ಅತಿಥಿ ಶಿಕ್ಷಕನಾಗಿದ್ದಾನೆ. ಮನೆಯಿಂದ ಶಾಲೆಗೆ ಹದಿನೈದು ಕಿಲೋಮೀಟರು. ಬೆಳಗಿನ ಬಸ್ಸು ಒಂದು ದಿನ ಹೊತ್ತಿಗೆ ಸರಿಯಾಗಿ ಬಂದರೆ ಇನ್ನೊಂದು ದಿನ ಜನ ಕಿಕ್ಕಿರಿದು ನಿಲ್ಲದೆಯೇ ಹೊರಟುಹೋಗುತ್ತದೆ. ಹಿಂದಿನ ವರ್ಷ ಹಲವು ಸಲ ಪ್ರಾರ್ಥನೆಯ ಗಂಟೆಯಾದ ಮೇಲೆ ಶಾಲೆ ಸೇರಿ, ಮುಖ್ಯೋಪಾಧ್ಯಾಯರ ಮುಂದೆ ತಲೆತಗ್ಗಿಸಿ ನಿಲ್ಲಬೇಕಾಯಿತಂತೆ. ಅತಿಥಿ ಶಿಕ್ಷಕನ ಕೆಲಸ ವರ್ಷ ವರ್ಷವೂ ಹೊಸದಾಗಿ ಸಿಕ್ಕಬೇಕಾದದ್ದು. ತಡವಾಗಿ ಬರುವವನೆಂಬ ಹೆಸರು ಅದಕ್ಕೆ ಒಳ್ಳೆಯದಲ್ಲ. ಮೋಟಾರ್ ಸೈಕಲ್ಲಿಗಾಗಿ ಸಾಲ ಮಾಡಲು ಅವನಿಗೂ ಅವನ ತಾಯಿಗೂ ಮನಸ್ಸಿಲ್ಲ. ಒಂದು ಒಳ್ಳೆಯ ಸೈಕಲ್ ಕೊಳ್ಳುವುದೆಂದು ತೀರ್ಮಾನಿಸಿ ತಿಂಗಳುಗಟ್ಟಲೆ ಹಣ ಕೂಡಿಟ್ಟಿದ್ದ. “ಮಾವ, ರೋಡ್ ಬೈಕ್ ತೊಗೊಳ್ಳಲೋ ಹೈಬ್ರಿಡ್ ತೊಗೊಳ್ಳಲೋ, ನೀವೇ ಹೇಳಿಬಿಡಿ” ಎಂದ.

ಪದವಿ ತರಗತಿಗಳಿಗೆ ಹಳಗನ್ನಡ ಕಾವ್ಯ ಪಾಠ ಹೇಳಿ ನಿವೃತ್ತನಾದವನ ಬಳಿ ಇದೆಂಥ ಪ್ರಶ್ನೆ ಎಂದು ನಿಮಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಈ ವಿಷಯದಲ್ಲಿ ನನಗೂ ಕೊಂಚ ಅಧಿಕಾರವುಂಟು. ಹುಣಸೂರು ಸೀಮೆಯ ಹಳ್ಳಿಯಲ್ಲಿ ಹುಟ್ಟಿ, ಗಂಟೆ ಬಾಡಿಗೆಯ ಸೈಕಲ್ಲಿನಲ್ಲಿ ಒಳಪೆಡಲ್ ತುಳಿಯುತ್ತ ಮೊಣಕಾಲು ತರಚಿಕೊಂಡು ಕಲಿತವನು ನಾನು. ಅಲ್ಲದೆ, ತಪ್ಪು ಸೈಕಲ್ಲನ್ನು ಆರಿಸಿಕೊಂಡರೆ ಏನಾಗುತ್ತದೆಂಬುದನ್ನು ಸ್ವಂತ ನಷ್ಟದಿಂದಲೂ ತಿಳಿದಿದ್ದೇನೆ. ಆ ಕತೆಯನ್ನು ಅದರ ಸ್ಥಳದಲ್ಲಿ ಹೇಳುತ್ತೇನೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಸೀಮೆಗಳಲ್ಲಿ, ಈಚೆಗೆ ಬೇರೆ ತಾಲ್ಲೂಕುಗಳಾದ ಸರಗೂರು, ಸಾಲಿಗ್ರಾಮಗಳನ್ನೂ ಸೇರಿಸಿಕೊಂಡು, ದಿನವೂ ಕೆಲಸಕ್ಕೋ ಕಾಲೇಜಿಗೋ ಸೈಕಲ್ ತುಳಿಯಬೇಕೆಂದಿರುವವರೆಲ್ಲರಿಗೂ ನನ್ನ ಸೋದರಳಿಯನಿಗೆ ಕೊಟ್ಟ ಉತ್ತರವೇ ಅನ್ವಯಿಸೀತೆಂಬ ನಂಬಿಕೆಯಿಂದ ಈ ಮಾತುಗಳನ್ನು ಆಡುತ್ತಿದ್ದೇನೆ.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ‘ರೋಡ್ ಬೈಕ್’ ಎಂಬ ಹೆಸರೇ ದಾರಿ ತಪ್ಪಿಸುವಂಥದು. ರಸ್ತೆಯ ಮೇಲೆ ಓಡದ ಸೈಕಲ್ ಯಾವುದಿದೆ? ಈ ಹೆಸರನ್ನಿಟ್ಟವರ ಮನಸ್ಸಿನಲ್ಲಿದ್ದ ರಸ್ತೆ ಬೇರೆ. ಅದು ಹಳ್ಳಕೊಳ್ಳಗಳಿಲ್ಲದ, ಕನ್ನಡಿಯಂತೆ ನುಣುಪಾದ ಡಾಂಬರಿನ ರಸ್ತೆ. ಅಂಥ ರಸ್ತೆಯಲ್ಲಿ ವೇಗವಾಗಿ ಹೋಗುವುದಕ್ಕೆಂದೇ ಹುಟ್ಟಿದ ಪಂದ್ಯದ ಸೈಕಲ್ಲಿನ ವಂಶಕ್ಕೆ ಸೇರಿದ್ದು ರೋಡ್ ಬೈಕು. ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲು, ಸಣ್ಣ ಟೈರು, ಹಗುರವಾದ ಮೈ ಇವು ಅದರ ಲಕ್ಷಣಗಳು. ಸವಾರ ಮುಂದಕ್ಕೆ ಬಾಗಿ, ಬೆನ್ನನ್ನು ನೆಲಕ್ಕೆ ಸಮಾನಾಂತರವಾಗಿರಿಸಲು ಯತ್ನಿಸುವವನಂತೆ ಕುಳಿತಿರುತ್ತಾನೆ.

‘ಹೈಬ್ರಿಡ್’ ಎಂಬ ಮಾತನ್ನು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೈಬ್ರಿಡ್ ಮುಸುಕಿನ ಜೋಳವನ್ನು ಬಿತ್ತಿದವರು, ಮಿಶ್ರತಳಿಯ ಹಸುವಿನ ಹಾಲನ್ನು ಡೇರಿಗೆ ಹಾಕುವವರು ಅವರು. ಸೈಕಲ್ಲಿನಲ್ಲಿಯೂ ಹೀಗೆಯೇ ಎರಡು ತಳಿಗಳನ್ನು ಕೂಡಿಸಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1970ರ ದಶಕದಲ್ಲಿ ಕೆಲವು ಯುವಕರು ಹಳೆಯ, ದಪ್ಪ ಟೈರಿನ ಸೈಕಲ್ಲುಗಳನ್ನು ಬೆಟ್ಟದ ಇಳಿಜಾರುಗಳಲ್ಲಿ ಓಡಿಸತೊಡಗಿದರು. ಅದರಿಂದ ಮೌಂಟನ್ ಬೈಕ್ ಎಂಬ ಬೆಟ್ಟದ ಸೈಕಲ್ ಬೆಳೆಯಿತು. ಅದರ ನೇರವಾದ ಹ್ಯಾಂಡಲ್ಲನ್ನೂ ನಿಧಾನದ ಗೇರುಗಳನ್ನೂ ರೋಡ್ ಬೈಕಿನ ದೊಡ್ಡ ಚಕ್ರಕ್ಕೆ ಸೇರಿಸಿ, ಟೈರಿನ ದಪ್ಪವನ್ನು ನಡುವೆ ಎಲ್ಲೋ ನಿಲ್ಲಿಸಿದರು. 1980ರ ದಶಕದ ಕೊನೆಯ ವೇಳೆಗೆ ಹೈಬ್ರಿಡ್ ಎಂಬ ಹೆಸರು ಅಂಗಡಿಗಳಲ್ಲಿ ನೆಲೆಗೊಂಡಿತು.

ಇವೆರಡರ ಪಕ್ಕದಲ್ಲಿ ಮೂರನೆಯದೊಂದನ್ನು ಇಟ್ಟು ನೋಡದಿದ್ದರೆ ನಮ್ಮ ವಿಚಾರ ಪೂರ್ಣವಾಗದು. ಅದು ನಮ್ಮ ತಂದೆಯವರ ಕಾಲದ ಕಪ್ಪು ಸೈಕಲ್ಲು. 1949ರಲ್ಲಿ ಆರಂಭವಾದ ಮದರಾಸಿನ ಟಿ.ಐ. ಸೈಕಲ್ಸ್, 1951ರ ಸೋನಿಪತ್ತಿನ ಅಟ್ಲಾಸ್, 1956ರ ಲೂಧಿಯಾನದ ಹೀರೋ ಮುಂತಾದ ಕಾರ್ಖಾನೆಗಳಿಂದ ಬಂದು ಹಳ್ಳಿ ಹಳ್ಳಿಯನ್ನು ಹೊಕ್ಕದ್ದು. ತೂಕ ಇಪ್ಪತ್ತು ಕಿಲೋವಿನ ಆಸುಪಾಸು. ಗೇರಿಲ್ಲ, ಅವಸರವಿಲ್ಲ. ಹಿಂದೆ ಒಂದು ಮೂಟೆ ರಾಗಿ, ಮುಂದಿನ ಬಾರಿನ ಮೇಲೆ ಒಂದು ಮಗು, ಹ್ಯಾಂಡಲ್ಲಿಗೆ ಎರಡು ಚೀಲ ಇಷ್ಟನ್ನೂ ಹೊತ್ತುಕೊಂಡು ಸಂತೆಯಿಂದ ಮನೆಗೆ ಬರುತ್ತಿತ್ತು. ಪುರಸಭೆಯ ಬಿಲ್ಲೆ, ರಾತ್ರಿಯ ದೀಪ ಇವೆರಡಿದ್ದರೆ ಅದರ ಸವಾರ ಯಾರಿಗೂ ಹೆದರಬೇಕಾಗಿರಲಿಲ್ಲ.

ಈಗ ಗುಣದೋಷಗಳ ವಿಚಾರಕ್ಕೆ ಬರೋಣ. ಮೊದಲನೆಯದು ಟೈರು. ಗಾಳಿ ತುಂಬಿದ ಟೈರನ್ನು 1887-88ರಲ್ಲಿ ಬೆಲ್‌ಫಾಸ್ಟಿನ ಡನ್‌ಲಪ್ ಎಂಬ ಪಶುವೈದ್ಯರು ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ರೂಪಿಸಿದರು. ಘನ ರಬ್ಬರಿನ ಚಕ್ರ ಕಲ್ಲಿನ ಮೇಲೆ ಹಾರಿ ಬೀಳುತ್ತದೆ. ಗಾಳಿಯ ಟೈರು ಕಲ್ಲನ್ನು ತನ್ನೊಳಕ್ಕೆ ನುಂಗಿಕೊಂಡು ಮುಂದೆ ಸಾಗುತ್ತದೆ. ಎಷ್ಟು ದೊಡ್ಡ ಕಲ್ಲನ್ನು ನುಂಗಬಲ್ಲದು ಎಂಬುದು ಟೈರಿನ ದಪ್ಪಕ್ಕೆ ಸಂಬಂಧಿಸಿದ ಮಾತು. ರೋಡ್ ಬೈಕಿನ ಟೈರು ಸಾಮಾನ್ಯವಾಗಿ 25ರಿಂದ 32 ಮಿಲಿಮೀಟರ್ ಅಗಲ. ಹೈಬ್ರಿಡ್ಡಿನದು 35ರಿಂದ 45. ಹಳೆಯ ಕಪ್ಪು ಸೈಕಲ್ಲಿನದು ಒಂದೂವರೆ ಅಂಗುಲ, ಅಂದರೆ ಸುಮಾರು 38. ಸಣ್ಣ ಟೈರಿಗೆ 80ರಿಂದ 100 ಪೌಂಡ್ ಗಾಳಿ ತುಂಬಿ ಕಲ್ಲಿನಂತೆ ಬಿಗಿ ಮಾಡಬೇಕಾಗುತ್ತದೆ. ಗಾಳಿ ಕಡಿಮೆಯಾಗಿದ್ದಾಗ ಗುಂಡಿಗೆ ಬಿದ್ದರೆ ಒಳಗಿನ ಟ್ಯೂಬು ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಎರಡು ತೂತಾಗುತ್ತದೆ. ಅಗಲವಾದ ಟೈರಿಗೆ 50ರಿಂದ 70 ಪೌಂಡ್ ಸಾಕು.

ಬಿಗಿಯಾದ ಸಣ್ಣ ಟೈರು ನುಣುಪು ರಸ್ತೆಯಲ್ಲಿ ಚುರುಕಾಗಿ ಓಡುವುದು ನಿಜ. ಒರಟು ರಸ್ತೆಯಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಅಲ್ಲಿ ಬಿಗಿ ಟೈರು ಪ್ರತಿಯೊಂದು ಜಲ್ಲಿಕಲ್ಲಿಗೂ ಪುಟಿಯುತ್ತದೆ. ನಾವು ಮುಂದಕ್ಕೆ ಹೋಗಲು ತುಳಿದ ಶಕ್ತಿಯ ಒಂದು ಭಾಗ ಮೇಲಕ್ಕೆ ಕುಣಿಯುವುದರಲ್ಲಿಯೂ ನಮ್ಮ ತೋಳು, ಬೆನ್ನುಗಳನ್ನು ನಡುಗಿಸುವುದರಲ್ಲಿಯೂ ವ್ಯರ್ಥವಾಗುತ್ತದೆ. ಅಗಲವಾದ, ಮೆತ್ತನೆಯ ಟೈರು ಅಲ್ಲಿ ಕಡಿಮೆ ಶ್ರಮಕ್ಕೆ ಹೆಚ್ಚು ದೂರ ಸಾಗುತ್ತದೆ. ಆದ್ದರಿಂದ ‘ಸಣ್ಣ ಟೈರು ವೇಗ, ದಪ್ಪ ಟೈರು ನಿಧಾನ’ ಎಂಬ ಮಾತು ಎಲ್ಲ ರಸ್ತೆಗೂ ಹೊಂದುವುದಿಲ್ಲ.

ಎರಡನೆಯದು ಕೂರುವ ಭಂಗಿ. ಸೈಕಲ್ ಸವಾರನ ದೊಡ್ಡ ವೈರಿ ಎದುರುಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಬಾಗಿ ಕುಳಿತರೆ ಗಾಳಿಗೆ ಒಡ್ಡುವ ಮೈ ಕಡಿಮೆಯಾಗುವುದರಿಂದ ರೋಡ್ ಬೈಕಿಗೆ ಲಾಭ. ಆದರೆ ಈ ಲಾಭ ಎದ್ದು ಕಾಣುವುದು ಗಂಟೆಗೆ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರಿಗಿಂತ ವೇಗವಾಗಿ ಹೋಗುವವರಿಗೆ. ಹದಿನೈದರ ವೇಗದಲ್ಲಿ ಹೋಗುವವನಿಗೆ ಅದು ಅಷ್ಟಾಗಿ ಕಾಣದು. ನೆಟ್ಟಗೆ ಕೂರುವವನಿಗೆ ಬೇರೊಂದು ಲಾಭವಿದೆ. ಅವನು ಬೇಲಿಯಾಚೆಯ ತಿರುವನ್ನು ಕಾಣುತ್ತಾನೆ. ಹಿಂದಿನಿಂದ ಬರುವ ಲಾರಿಯನ್ನು ಕತ್ತು ತಿರುಗಿಸಿ ನೋಡುತ್ತಾನೆ. ಲಾರಿಯ ಚಾಲಕನಿಗೂ ಚೆನ್ನಾಗಿ ಕಾಣಿಸಿಕೊಳ್ಳುತ್ತಾನೆ.

ವೇಗದ ಲೆಕ್ಕವನ್ನು ನನ್ನ ಸೋದರಳಿಯನೊಡನೆ ಕುಳಿತು ಹಾಕಿ ನೋಡಿದೆ. ಹದಿನೈದು ಕಿಲೋಮೀಟರನ್ನು ಗಂಟೆಗೆ 18ರ ವೇಗದಲ್ಲಿ ಹೋದರೆ ಐವತ್ತು ನಿಮಿಷ. 22ರ ವೇಗದಲ್ಲಿ ಹೋದರೆ ನಲವತ್ತೊಂದು ನಿಮಿಷ. ದಾರಿಯೆಲ್ಲ ನುಣುಪಾಗಿದ್ದು, ರೋಡ್ ಬೈಕು ಅಷ್ಟೂ ವೇಗವನ್ನು ಕೊಟ್ಟಿತೆಂದೇ ಇಟ್ಟುಕೊಂಡರೂ ಉಳಿಯುವುದು ಒಂಬತ್ತು ನಿಮಿಷ. ಪಂಕ್ಚರ್ ಆದ ಒಂದು ಬೆಳಿಗ್ಗೆ, ನಾಲ್ಕು ಕಿಲೋಮೀಟರ್ ಸೈಕಲ್ ತಳ್ಳಿಕೊಂಡು ನಡೆದರೆ ವಾರದ ಉಳಿತಾಯವೆಲ್ಲ ಅಲ್ಲಿಯೇ ಕರಗಿಹೋಗುತ್ತದೆ. ಒಂಬತ್ತು ನಿಮಿಷ ಮೊದಲೇ ಮನೆ ಬಿಡುವುದು ಇದಕ್ಕಿಂತ ಅಗ್ಗದ ಉಪಾಯ ಎಂದೆ. ಅವನು ನಕ್ಕ, ಆದರೆ ಒಪ್ಪಲಿಲ್ಲ. ಪತ್ರಿಕೆಯಲ್ಲಿ ಕಂಡ ಬಾಗಿದ ಹ್ಯಾಂಡಲ್ಲಿನ ಚಿತ್ರ ಅವನ ಕಣ್ಣಿನಿಂದ ಮರೆಯಾಗಿರಲಿಲ್ಲ. ಆಗ ನನ್ನ ಕತೆಯನ್ನು ಹೇಳಬೇಕಾಯಿತು.

1982ರ ಮಾತು. ಮಾನಸಗಂಗೋತ್ರಿಯಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದಿದ್ದೆ. ಮೈಸೂರಿನಲ್ಲಿ ಓದುತ್ತಿದ್ದಾಗ ಒಬ್ಬ ಸಹಪಾಠಿಯಿಂದ ಬಾಗಿದ ಹ್ಯಾಂಡಲ್ಲಿನ ಒಂದು ಹಳೆಯ ಸೈಕಲ್ಲನ್ನು ಕೊಂಡುಕೊಂಡಿದ್ದೆ. ನಗರದ ಬೀದಿಗಳಲ್ಲಿ ಅದು ಹಕ್ಕಿಯಂತೆ ಹಾರುತ್ತಿತ್ತು. ನಮ್ಮ ತಂದೆ ಅದನ್ನು ಸುತ್ತಿ ನೋಡಿ, “ಇದಕ್ಕೆ ಕ್ಯಾರಿಯರ್ ಎಲ್ಲಪ್ಪ?” ಎಂದಷ್ಟೇ ಕೇಳಿದರು. ಒಂದು ದಿನ ಮೈಸೂರಿನ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಅಧ್ಯಾಪಕನ ಹುದ್ದೆಗೆ ಸಂದರ್ಶನವಿತ್ತು. ನಮ್ಮ ಹಳ್ಳಿಯಿಂದ ಹುಣಸೂರಿಗೆ ಸೈಕಲ್ಲಿನಲ್ಲಿ ಬಂದು ಮೊದಲ ಬಸ್ಸನ್ನು ಹಿಡಿಯುವುದೆಂದು ಕತ್ತಲಿನಲ್ಲಿಯೇ ಹೊರಟೆ. ಹಿಂದಿನ ವಾರ ಮಳೆ ಬಂದು, ಗಾಡಿಯ ಚಕ್ರಗಳು ಕೊರೆದ ಜಾಡು ಒಣಗಿ ಗಟ್ಟಿಯಾಗಿತ್ತು. ಸಣ್ಣ ಟೈರು ಆ ಜಾಡಿನೊಳಕ್ಕೆ ಇಳಿಯಿತು. ಹೊರಕ್ಕೆ ತಿರುಗಿಸಲು ಹೋದಾಗ ನಾನೂ ಬಿದ್ದೆ, ಮುಂದಿನ ಚಕ್ರವೂ ಎಂಟರ ಅಂಕಿಯ ಹಾಗೆ ತಿರುಚಿಕೊಂಡಿತು. ಪ್ರಮಾಣಪತ್ರಗಳ ಚೀಲವನ್ನು ಕೊರಳಿಗೆ ಹಾಕಿಕೊಂಡು, ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಮೂರು ಮೈಲಿ ನಡೆದೆ. ಬಸ್ಸು ಹೋಗಿತ್ತು. ಮುಂದಿನ ಬಸ್ಸಿನಲ್ಲಿ ಹೋಗಿ ಕಾಲೇಜು ಸೇರುವ ಹೊತ್ತಿಗೆ ಸಂದರ್ಶನ ಮುಗಿದಿತ್ತು.

ಹೋಗಿದ್ದರೆ ಆ ಹುದ್ದೆ ನನಗೇ ಸಿಗುತ್ತಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಒಂದು ವರ್ಷ ಊರಿನಲ್ಲಿಯೇ ಕುಳಿತೆನೆಂಬುದು ನಿಜ. ಮನೆಯಲ್ಲಿ ಆ ವರ್ಷ ಸುಲಭದ್ದಾಗಿರಲಿಲ್ಲ. ಇನ್ನೊಂದು ಪಾಠವೂ ಅದೇ ವಾರದಲ್ಲಿ ಆಯಿತು. ರಿಮ್ಮನ್ನೂ ಟೈರನ್ನೂ ಬದಲಿಸಲೆಂದು ಹುಣಸೂರಿನ ಸೈಕಲ್ ಶಾಪುಗಳಿಗೆ ಅಲೆದರೆ, ಎಲ್ಲ ಕಡೆಯೂ ಇದ್ದದ್ದು 28 ಅಂಗುಲದ್ದು, ಇಲ್ಲವೆ 26ರದ್ದು. ನನ್ನ ಚಕ್ರ 27. ದನದ ಕೊಟ್ಟಿಗೆಯ ಗಳುವಿಗೆ ನೇತುಹಾಕಿದ ಆ ಸೈಕಲ್ಲು ಮತ್ತೆ ಕೆಳಗಿಳಿಯಲಿಲ್ಲ. ತಂದೆಯವರು ಒಂದು ಮಾತೂ ಆಡದೆ ತಮ್ಮ ಕಪ್ಪು ಸೈಕಲ್ಲನ್ನು ನನಗೆ ಬಿಟ್ಟುಕೊಟ್ಟು ಸಂತೆಗೆ ನಡೆದೇ ಹೋಗತೊಡಗಿದರು.

ಈ ಕತೆಯಿಂದ ನಾನು ಕಂಡುಕೊಂಡ ಸೂತ್ರ ಇದು. ಸೈಕಲ್ಲನ್ನು ನಮ್ಮ ದಾರಿಯ ಒಳ್ಳೆಯ ಭಾಗವನ್ನು ನೋಡಿ ಆರಿಸಬಾರದು, ಕೆಟ್ಟ ಭಾಗವನ್ನು ನೋಡಿ ಆರಿಸಬೇಕು. ಹದಿನೈದು ಕಿಲೋಮೀಟರಿನಲ್ಲಿ ಹದಿಮೂರು ನುಣುಪಾಗಿದ್ದರೂ ನಮ್ಮನ್ನು ಬೀಳಿಸುವುದು, ತಡಮಾಡಿಸುವುದು ಉಳಿದ ಎರಡು. ಇದಕ್ಕೆ ಉಪಸೂತ್ರವೊಂದುಂಟು. ದಾರಿಯಲ್ಲಿ ಸಿಕ್ಕುವ ಸೈಕಲ್ ಶಾಪಿನಲ್ಲಿ ಏನನ್ನು ದುರಸ್ತಿ ಮಾಡಲು ಬರುವುದಿಲ್ಲವೋ ಅದು ನಮ್ಮ ಸೈಕಲ್ಲಿನಲ್ಲಿ ಆದಷ್ಟು ಕಡಿಮೆ ಇರಬೇಕು.

ನಮ್ಮ ನಾಲ್ಕು ಸೀಮೆಗಳ ದಾರಿಯನ್ನು ಈ ಸೂತ್ರದಿಂದ ಅಳೆದು ನೋಡೋಣ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳ ಮೂಲಕ ಕೊಡಗಿಗೆ ಹೋಗುವ ಹೆದ್ದಾರಿ ರೋಡ್ ಬೈಕಿಗೆ ಒಪ್ಪುವಂಥದು. ಹೆದ್ದಾರಿಯನ್ನು ಬಿಟ್ಟು ಹಳ್ಳಿಯತ್ತ ತಿರುಗಿದೊಡನೆ ದಾರಿಯ ಸ್ವಭಾವ ಬೇರೆ. ಮುಂಗಾರಿನಲ್ಲಿ ಪಿರಿಯಾಪಟ್ಟಣ, ಹುಣಸೂರುಗಳ ಹೊಗೆಸೊಪ್ಪಿನ ಹೊಲಗಳಿಂದ ಬರುವ ಟ್ರಾಕ್ಟರುಗಳು ಕೆಮ್ಮಣ್ಣನ್ನು ಡಾಂಬರಿನ ಮೇಲೆ ಮೆತ್ತಿ ಹೋಗುತ್ತವೆ. ಒಂದು ಹನಿ ಮಳೆ ಬಿದ್ದರೆ ಅದು ಎಣ್ಣೆ ಸವರಿದ ನೆಲ. ಕೃಷ್ಣರಾಜನಗರದ ಕಡೆ ಕಾವೇರಿ ನೀರಿನ ನಾಲೆಗಳ ಬದಿಯ ದಾರಿಗಳು ಮಟ್ಟಸವಾಗಿದ್ದು ತುಳಿಯಲು ಹಿತ. ಆದರೆ ಗದ್ದೆ ನಾಟಿಯ ಕಾಲದಲ್ಲಿ ಅವು ಕೆಸರು. ಹೆಗ್ಗಡದೇವನಕೋಟೆಯ ಕಡೆ ಏರಿಳಿತ ಹೆಚ್ಚು. ಹತ್ತಿ ಬೆಳೆಯುವ ಕಪ್ಪುನೆಲದ ಎರೆಮಣ್ಣು ಮಳೆಯಲ್ಲಿ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಹಿಟ್ಟಿನ ಮುದ್ದೆಯಂತೆ ಕಟ್ಟಿಕೊಂಡು ಚಕ್ರವನ್ನೇ ನಿಲ್ಲಿಸಿಬಿಡುತ್ತದೆ. ಟೈರಿಗೂ ಚೌಕಟ್ಟಿಗೂ ನಡುವೆ ಬೆರಳು ತೂರುವಷ್ಟೂ ಜಾಗವಿಲ್ಲದ ರೋಡ್ ಬೈಕು ಅಲ್ಲಿ ಎರಡೇ ನಿಮಿಷದಲ್ಲಿ ಸೋಲುತ್ತದೆ.

ಮಾಗಿಯ ಕಾಲದ ಒಂದು ತೊಡಕನ್ನು ಪರದೇಶದ ಯಾವ ಸೈಕಲ್ ತಜ್ಞನೂ ಊಹಿಸಿರಲಾರ. ಅದು ಒಕ್ಕಣೆ. ನಮ್ಮ ರೈತರು ರಾಗಿ, ಹುರುಳಿಗಳನ್ನು ಟಾರು ರಸ್ತೆಯ ಮೇಲೆಯೇ ಹರಡಿ, ಓಡಾಡುವ ಬಸ್ಸು, ಲಾರಿಗಳಿಂದ ತುಳಿಸಿಕೊಳ್ಳುತ್ತಾರೆ. ರಸ್ತೆಯೇ ಕಣವಾದ ಆ ದಿನಗಳಲ್ಲಿ ಸಣ್ಣ ಟೈರು ಹುಲ್ಲಿನ ಮೇಲೆ ಜಾರುತ್ತದೆ. ಹುರುಳಿಯ ಬಳ್ಳಿ ಹಿಂದಿನ ಗೇರಿನ ಹಲ್ಲುಗಳಿಗೆ ಸುತ್ತಿಕೊಂಡರೆ ಬಿಡಿಸಲು ಚಾಕು ಬೇಕು. ಗೇರಿನ ಸೈಕಲ್ ಯಾವುದೇ ಇರಲಿ, ಅಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಕ್ಷೇಮ. ಇನ್ನು ಬೇಲಿಯ ಜಾಲಿಮುಳ್ಳಿಗೆ ವರ್ಷದ ಎಲ್ಲ ಋತುಗಳೂ ಒಂದೇ.

ದುರಸ್ತಿಯ ಮಾತಿಗೆ ಬಂದರೆ ಮೂರು ಚಿಕ್ಕ ಸಂಗತಿಗಳನ್ನು ಕೊಳ್ಳುವ ಮುನ್ನವೇ ನೋಡಿಕೊಳ್ಳಬೇಕು. ಒಂದು, ಟ್ಯೂಬಿನ ವಾಲ್ವು. ಹಳೆಯ ಸೈಕಲ್ಲಿನ ವಾಲ್ವಿಗೆ ರಬ್ಬರಿನ ವಾಲ್‌ಟ್ಯೂಬ್ ಹಾಕುವುದನ್ನು ಎಲ್ಲರೂ ಬಲ್ಲರು. ಹೈಬ್ರಿಡ್ಡಿಗೆ ಅನೇಕ ವೇಳೆ ಮೋಟಾರ್ ಸೈಕಲ್ಲಿನಲ್ಲಿರುವಂಥ ದಪ್ಪ ವಾಲ್ವು ಇರುತ್ತದೆ. ಗಾಳಿ ಹಾಕುವ ಯಾವ ಅಂಗಡಿಯಾದರೂ ಆದೀತು. ರೋಡ್ ಬೈಕಿನದು ಪ್ರೆಸ್ಟಾ ಎಂಬ ಸಣಕಲು ವಾಲ್ವು. ಅದಕ್ಕೆ ಹಳ್ಳಿಯ ಪಂಪು ಕಚ್ಚುವುದಿಲ್ಲ. ಹಿತ್ತಾಳೆಯ ಒಂದು ಪುಟ್ಟ ಅಡಾಪ್ಟರನ್ನು ಸದಾ ಕಿಸೆಯಲ್ಲಿಟ್ಟುಕೊಂಡಿರಬೇಕು.

ಎರಡು, ಟೈರಿನ ಅಳತೆ. ಇಲ್ಲಿ ಒಂದು ಮೋಸದ ಸಾಮ್ಯವಿದೆ. ಹಳೆಯ ಕಪ್ಪು ಸೈಕಲ್ಲಿನ ಟೈರಿಗೂ 28 ಎನ್ನುತ್ತಾರೆ, 700ಸಿ ಎಂಬ ಇಂದಿನ ಟೈರಿಗೂ ಕೆಲವರು 28 ಎನ್ನುತ್ತಾರೆ. ರಿಮ್ಮಿನ ಮೇಲೆ ಟೈರಿನ ಅಂಚು ಕೂರುವಲ್ಲಿ ಮೊದಲನೆಯದರ ವ್ಯಾಸ 635 ಮಿಲಿಮೀಟರ್, ಎರಡನೆಯದರದು 622. ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ 37-622 ಎಂಬಂತೆ ಎರಡು ಅಂಕಿಗಳನ್ನು ಅಚ್ಚುಮಾಡಿರುತ್ತಾರೆ; ಮೊದಲನೆಯದು ಅಗಲ, ಎರಡನೆಯದು ಈ ವ್ಯಾಸ. ಅದನ್ನು ಬರೆದಿಟ್ಟುಕೊಂಡು, ನಿಮ್ಮ ಊರಿನ ಅಂಗಡಿಯಲ್ಲಿ ಆ ಟೈರು ಸಿಗುತ್ತದೆಯೇ ಎಂದು ಮೊದಲು ಕೇಳಿ. ಸಿಗದಿದ್ದರೆ ಒಂದು ಟೈರು, ಎರಡು ಟ್ಯೂಬುಗಳನ್ನು ಸೈಕಲ್ಲಿನೊಡನೆಯೇ ಕೊಂಡು ಮನೆಯಲ್ಲಿಡಿ. ನನಗೆ 1982ರಲ್ಲಿ ಈ ಬುದ್ಧಿ ಇರಲಿಲ್ಲ.

ಮೂರು, ಚಕ್ರದ ಕಡ್ಡಿಗಳು. ಕಡ್ಡಿ ಹೆಚ್ಚಿದ್ದಷ್ಟೂ ಒಂದು ಮುರಿದಾಗ ಉಳಿದವು ಭಾರವನ್ನು ಹಂಚಿಕೊಂಡು ಮನೆ ಮುಟ್ಟಿಸುತ್ತವೆ. 36 ಕಡ್ಡಿಯ ಚಕ್ರ ಸಿಕ್ಕಿದರೆ ಒಳ್ಳೆಯದು, 32 ಆದರೂ ಸರಿ. ಅಂದಕ್ಕಾಗಿ ಕಡ್ಡಿಗಳನ್ನು ಇಳಿಸಿ ಮಾಡಿದ ಚಕ್ರ ದಿನದ ದುಡಿಮೆಗೆ ಬೇಡ.

ಗೇರಿನ ವಿಷಯವನ್ನೂ ಸ್ವಲ್ಪ ತಿಳಿಯಬೇಕು. ಕಪ್ಪು ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಪೆಡಲನ್ನು ಒಂದು ಸುತ್ತು ತುಳಿದಾಗ ಸೈಕಲ್ ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಏರು ಬಂದಾಗ ಇದು ಕಷ್ಟ. ನಮ್ಮವರು ಇಳಿದು ತಳ್ಳುತ್ತಿದ್ದುದು ಅದಕ್ಕಾಗಿಯೇ. ಹೈಬ್ರಿಡ್ಡಿನಲ್ಲಿ ಮುಂದೆ 38, ಹಿಂದೆ 34 ಹಲ್ಲಿನ ದೊಡ್ಡ ಗೇರು ಹಾಕಿದರೆ ಒಂದು ಸುತ್ತಿಗೆ ಎರಡೂವರೆ ಮೀಟರಿನಷ್ಟೇ ಚಲನೆ. ನಿಧಾನವಾದರೂ ಕೂತೇ ಏರಬಹುದು. ರೋಡ್ ಬೈಕಿನ 50 ಹಲ್ಲಿನ ಮುಂದಿನ ಚಕ್ರಕ್ಕೆ ಹಿಂದಿನ 12 ಹಲ್ಲಿನದನ್ನು ಸೇರಿಸಿದರೆ ಒಂದು ಸುತ್ತಿಗೆ ಒಂಬತ್ತು ಮೀಟರಿನ ಸಮೀಪ ಹಾರುತ್ತದೆ. ಆದರೆ ಅದನ್ನು ತುಳಿಯಲು ಇಳಿಜಾರು ಬೇಕು, ಇಲ್ಲವೆ ಪೈಲ್ವಾನನ ಕಾಲು ಬೇಕು. ದಿನನಿತ್ಯದವರಿಗೆ ಹಿಂದೆ ಏಳೆಂಟು ಗೇರು, ಮುಂದೆ ಒಂದೇ ಚಕ್ರ ಇದ್ದರೆ ಧಾರಾಳವಾಯಿತು. ಇಪ್ಪತ್ತೊಂದು ಗೇರಿನ ಜಂಬ ಬೇಡ. ಅಗ್ಗದ ಸೈಕಲ್ಲುಗಳ ಮುಂಭಾಗದಲ್ಲಿ ತೋರಿಕೆಗೆ ಹಾಕುವ ಸ್ಪ್ರಿಂಗಿನ ಫೋರ್ಕೂ ಬೇಡ. ಅದು ತೂಕವನ್ನು ಹೆಚ್ಚಿಸುತ್ತದೆ, ನಾವು ತುಳಿದ ಶಕ್ತಿಯನ್ನು ಕುಡಿಯುತ್ತದೆ, ಮಣ್ಣು ಸೇರಿ ಕೊನೆಗೆ ಕೂತುಬಿಡುತ್ತದೆ.

ಸೈಕಲ್ ಹೊರುವುದು ಸವಾರನನ್ನು ಮಾತ್ರವಲ್ಲ ಎಂಬುದನ್ನು ಮರೆಯಬಾರದು. ಮೇಷ್ಟರಿಗೆ ಪುಸ್ತಕದ ಚೀಲ, ಊಟದ ಡಬ್ಬಿ, ಮಳೆಯ ಕೋಟು ಇರುತ್ತವೆ. ಸಂಜೆ ಬರುವಾಗ ಮನೆಗೆ ತರಕಾರಿ ಇರುತ್ತದೆ. ಹೈಬ್ರಿಡ್ಡಿಗೆ ಸಾಮಾನ್ಯವಾಗಿ ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡುಗಳನ್ನು ಬಿಗಿಯುವ ತೂತುಗಳಿರುತ್ತವೆ. ಎಷ್ಟೋ ರೋಡ್ ಬೈಕುಗಳಿಗೆ ಇರುವುದಿಲ್ಲ. ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು ಹದಿನೈದು ಕಿಲೋಮೀಟರ್ ತುಳಿದು, ಅಂಗಿ ಬೆನ್ನಿಗೆ ಅಂಟಿಕೊಂಡಿರುವಾಗ ತರಗತಿಗೆ ಹೋಗಿ ನಿಂತವನಿಗೆ ಕ್ಯಾರಿಯರಿನ ಬೆಲೆ ತಿಳಿಯುತ್ತದೆ. ಸೀರೆ, ಚೂಡಿದಾರ್ ಉಟ್ಟು ತೊಟ್ಟು ಹೋಗುವ ಹೆಣ್ಣುಮಕ್ಕಳಿಗೆ ಮೇಲಿನ ಬಾರು ತಗ್ಗಾಗಿರುವ ಚೌಕಟ್ಟು, ಚೈನಿಗೆ ಪೂರ್ತಿ ಮುಚ್ಚಳ, ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕದಂತೆ ಜಾಲರಿ ಇವು ಅಲಂಕಾರವಲ್ಲ, ಅವಶ್ಯಕತೆ. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ ಆರಂಭಿಸಿದಾಗ, ಊರಿನಲ್ಲಿ ಪ್ರೌಢಶಾಲೆಯಿಲ್ಲದ ಎಷ್ಟೋ ಹುಡುಗಿಯರು ಗುಂಪು ಕಟ್ಟಿಕೊಂಡು ಪಕ್ಕದ ಊರಿಗೆ ತುಳಿದುಕೊಂಡು ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಸೈಕಲ್ಲುಗಳಿಗೆ ಗೇರಿರಲಿಲ್ಲ. ಆದರೆ ನೆಟ್ಟಗೆ ಕೂರಬಹುದಿತ್ತು, ಚೀಲ ಇಡಬಹುದಿತ್ತು, ಊರಿನಲ್ಲಿಯೇ ಪಂಕ್ಚರ್ ಹಾಕಿಸಬಹುದಿತ್ತು. ಮೈಸೂರು ನಗರದಲ್ಲಿ 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಸಾರ್ವಜನಿಕ ಸೈಕಲ್ ವ್ಯವಸ್ಥೆ 450 ಸೈಕಲ್ಲುಗಳೊಡನೆ ಆರಂಭವಾದಾಗಲೂ, ಅಷ್ಟು ಒಳ್ಳೆಯ ಬೀದಿಗಳಿರುವ ಊರಿಗೆ ಆರಿಸಿದ್ದು ನೆಟ್ಟಗೆ ಕೂರುವ ಸೈಕಲ್ಲನ್ನೇ.

ಹಾಗಾದರೆ ರೋಡ್ ಬೈಕು ಯಾರಿಗೂ ಬೇಡವೇ? ಹಾಗೆಂದರೆ ಅನ್ಯಾಯವಾದೀತು. ಮನೆಯೂ ಕೆಲಸದ ಸ್ಥಳವೂ ಹೆದ್ದಾರಿಯ ಮಗ್ಗುಲಲ್ಲೇ ಇದ್ದು, ದಿನವೂ ಮೂವತ್ತು, ನಲವತ್ತು ಕಿಲೋಮೀಟರ್ ತುಳಿಯುವ ಹುರುಪಿನವರಿಗೆ, ಸೈಕಲ್ಲನ್ನು ಕಚೇರಿಯ ಒಳಗೆ ಇಟ್ಟುಕೊಳ್ಳಬಲ್ಲವರಿಗೆ, ಪಂಕ್ಚರನ್ನು ತಾವೇ ಹಾಕಿಕೊಳ್ಳಬಲ್ಲವರಿಗೆ ಅದು ಆನಂದದ ವಾಹನ. ಭಾನುವಾರದ ವ್ಯಾಯಾಮಕ್ಕಂತೂ ಅದಕ್ಕೆ ಸಾಟಿಯಿಲ್ಲ. ಅಂಥವರು ಕೊಳ್ಳುವಾಗ 32 ಮಿಲಿಮೀಟರಿನ ಟೈರು ಹಿಡಿಸುವ ಚೌಕಟ್ಟನ್ನು ಆರಿಸಿಕೊಳ್ಳಲಿ. ಇದಕ್ಕೆ ಎದುರಾಗಿ, ಕೃಷ್ಣರಾಜನಗರದ ರೈಲು ನಿಲ್ದಾಣದ ತನಕ ಮೂರು ನಾಲ್ಕು ಕಿಲೋಮೀಟರ್ ತುಳಿದು, ಸೈಕಲ್ಲನ್ನು ದಿನವಿಡೀ ಹೊರಗೆ ನಿಲ್ಲಿಸಿ ಮೈಸೂರಿನ ಗಾಡಿ ಹತ್ತುವವರಿಗೆ ರೋಡ್ ಬೈಕೂ ಬೇಡ, ಬೆಲೆಬಾಳುವ ಹೈಬ್ರಿಡ್ಡೂ ಬೇಡ. ಒಳ್ಳೆಯ ಬೀಗ ಹಾಕಿದ ಕಪ್ಪು ಸೈಕಲ್ಲೇ ಸಾಕು. ಅದರ ಮೇಲೆ ಕಳ್ಳನ ಕಣ್ಣೂ ಬೀಳುವುದು ಕಡಿಮೆ.

ಯಾವುದನ್ನೇ ಕೊಂಡರೂ ಮೈಗೆ ಹೊಂದುವಂತಿರಬೇಕು. ಸೈಕಲ್ಲಿನ ಬಾರಿನ ಎರಡೂ ಕಡೆ ಕಾಲಿಟ್ಟು ನಿಂತಾಗ ಬಾರಿಗೂ ಮೈಗೂ ನಡುವೆ ಎರಡು ಮೂರು ಬೆರಳಿನಷ್ಟಾದರೂ ಸಂದು ಉಳಿಯಬೇಕು. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟರೆ ಕಾಲು ನೇರವಾಗಬೇಕು. ತುಳಿಯುವಾಗ ಅಂಗಾಲಿನ ಮುಂಭಾಗ ಪೆಡಲಿನ ಮೇಲಿರುವುದರಿಂದ ಮಂಡಿ ಆಗ ಸ್ವಲ್ಪವೇ ಬಾಗುತ್ತದೆ. ನಮ್ಮಲ್ಲಿ ಮಂಡಿನೋವಿನ ದೂರು ಹೇಳುವ ಅನೇಕರು ಸೀಟನ್ನು ತೀರ ತಗ್ಗಾಗಿ ಇಟ್ಟುಕೊಂಡವರು. ಹಿಂದೆ ಕೆಂಪು ದೀಪ, ಮುಂದೆ ಬಿಳಿಯ ದೀಪ, ಒಂದು ಗಂಟೆ, ತಲೆಗೊಂದು ಹೆಲ್ಮೆಟ್ಟು ಇವುಗಳ ಖರ್ಚನ್ನು ಸೈಕಲ್ಲಿನ ಬೆಲೆಯಲ್ಲಿಯೇ ಸೇರಿಸಿಕೊಳ್ಳಿ. ನಾಗರಹೊಳೆಯ ಕಾಡಂಚಿನ ದಾರಿಯವರಂತೂ ಮುಸ್ಸಂಜೆಗೆ ಮೊದಲೇ ಮನೆ ಸೇರಬೇಕು. ಸದ್ದಿಲ್ಲದೆ ಸಾಗುವ ಸೈಕಲ್ಲು ಆನೆಗೆ ತಿಳಿಯುವುದೂ ತಡ, ಆನೆ ಸವಾರನಿಗೆ ಕಾಣುವುದೂ ತಡ.

ಇಷ್ಟನ್ನೂ ಕೇಳಿದ ಮೇಲೆ ನನ್ನ ಸೋದರಳಿಯ ಒಂದು ಕೆಲಸ ಮಾಡಿದ. ಗೆಳೆಯರಿಂದ ಎರಡು ಬಗೆಯ ಸೈಕಲ್ಲುಗಳನ್ನೂ ಒಂದೊಂದು ದಿನಕ್ಕೆ ಎರವಲು ತಂದು, ತನ್ನ ದಾರಿಯ ಕೊನೆಯ ಎರಡು ಕಿಲೋಮೀಟರಿನಲ್ಲಿ, ಬೇಸಗೆಯ ಒಂದು ಅಡ್ಡಮಳೆ ಬಂದು ಹೋದ ಮರುದಿನ ಓಡಿಸಿ ನೋಡಿದ. ಅಂಗಡಿಯ ಮುಂದಿನ ಸಿಮೆಂಟಿನ ನೆಲದ ಮೇಲೆ ಒಂದು ಸುತ್ತು ಹೊಡೆದು ಸೈಕಲ್ ಆರಿಸುವವರೆಲ್ಲರಿಗೂ ಇದನ್ನು ನಾನು ಶಿಫಾರಸು ಮಾಡುತ್ತೇನೆ. ಕೊನೆಗೆ ಅವನು ಕೊಂಡದ್ದು ಸ್ಪ್ರಿಂಗಿಲ್ಲದ ಒಂದು ಹೈಬ್ರಿಡ್. ಉಳಿದ ಹಣದಲ್ಲಿ ಮಡ್‌ಗಾರ್ಡು, ಕ್ಯಾರಿಯರು, ದೀಪ, ಒಂದು ಹೆಚ್ಚಿನ ಟೈರು ಬಂದವು.

ಮಳೆಗಾಲ ಮುಗಿದ ಮೇಲೆ ತಂಗಿ ಮನೆಗೆ ಬಂದಿದ್ದಳು. ಹುಡುಗ ಹೇಗೆ ಹೋಗಿಬರುತ್ತಿದ್ದಾನೆಂದು ಕೇಳಿದೆ. “ಎರಡು ಸಲ ಮುಳ್ಳು ಚುಚ್ಚಿತ್ತಂತೆ, ದಾರೀಲೇ ಹಾಕಿಸ್ಕೊಂಡನಂತೆ. ಶಾಲೆಗೆ ಒಂದೇ ದಿನ ತಡವಾದದ್ದು ಅಣ್ಣ. ಅವತ್ತು ಆನೆ ರಸ್ತೇಲಿ ನಿಂತಿದೆ ಅಂತ ಊರವರು ಎಲ್ಲರನ್ನೂ ತಡೆದಿದ್ರಂತೆ” ಎಂದಳು. ಆ ದಿನ ಮುಖ್ಯೋಪಾಧ್ಯಾಯರೂ ಅದೇ ಗುಂಪಿನಲ್ಲಿ ನಿಂತಿದ್ದರಂತೆ.